ಆಕ್ಸಲಿನ ಗುರುತಿಗೆ ಚೀಟಿ ಸಾಕೆ?

ಅಮೆರಿಕದಲ್ಲಿ ನಲವತ್ತು ಐವತ್ತು ವರ್ಷ ದುಡಿದ ಪಿಕಪ್ ಟ್ರಕ್ಕುಗಳು ಇಂದಿಗೂ ಓಡಾಡುತ್ತಿವೆ. ಅಂಥದೊಂದರ ಹಿಂದಿನ ಆಕ್ಸಲ್ ಯಾವ ಜಾತಿಯದೆಂಬ ಪ್ರಶ್ನೆ ಬಂದಾಗ ಬಹುಮಂದಿ ವಾಹನಕ್ಕೆ ಅಂಟಿಸಿರುವ ಚೀಟಿಯ ಸಂಕೇತವನ್ನೋ, ಆಕ್ಸಲಿನ ಮುಚ್ಚಳದ ಬೋಲ್ಟುಗಳ ಸಂಖ್ಯೆಯನ್ನೋ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ಇವೆರಡೂ ಸಾಲವೆಂದು ನಾವು ಭಾವಿಸುತ್ತೇವೆ.

ಚೀಟಿಯು ತಿಳಿಸುವುದು ವಾಹನವು ಕಾರ್ಖಾನೆಯಿಂದ ಹೊರಟ ದಿನದ ಸಂಗತಿಯನ್ನು. ಅನಂತರ ಯಾರಾದರೂ ಆಕ್ಸಲನ್ನೇ ಬದಲಾಯಿಸಿದ್ದರೆ ಅದಕ್ಕೆ ಬೆಲೆಯಿಲ್ಲ. ಬೋಲ್ಟುಗಳ ಎಣಿಕೆಯೂ ದಾರಿತಪ್ಪಿಸಬಲ್ಲದು. ಜನರಲ್ ಮೋಟರ್ಸಿನ ‘ಹತ್ತು ಬೋಲ್ಟಿನ’ ಆಕ್ಸಲುಗಳಲ್ಲಿಯೇ ಹಲವು ಅಳತೆಗಳುಂಟು. ಬೇರೆ ಕಂಪೆನಿಯ ಡೇನಾ 44 ಮತ್ತು ಡೇನಾ 60 ಆಕ್ಸಲುಗಳಿಗೂ ಹತ್ತೇ ಬೋಲ್ಟುಗಳು. ಫೋರ್ಡ್ ಕಂಪೆನಿಯು 1957ರಲ್ಲಿ ತಂದ 9 ಅಂಗುಲದ ಆಕ್ಸಲಿಗಂತೂ ಹಿಂಬದಿಯಲ್ಲಿ ಬಿಚ್ಚುವ ಮುಚ್ಚಳವೇ ಇಲ್ಲ. ಆದುದರಿಂದ ಸಂಖ್ಯೆಯೊಡನೆ ಮುಚ್ಚಳದ ಆಕಾರವನ್ನೂ ಅಳತೆಯನ್ನೂ ನೋಡತಕ್ಕದ್ದು.

ಒಳಗಿನ ರಚನೆಯನ್ನು ತಿಳಿಯಲು ಪರೀಕ್ಷೆಯೇ ಬೇಕು. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಷ್ಟೆ. ಈ ವ್ಯತ್ಯಾಸಕ್ಕೆ ಎಡೆಗೊಡುವುದೇ ಡಿಫರೆನ್ಷಿಯಲ್. ಎಂಜಿನನ್ನು ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಅಡೆ ಕೊಟ್ಟು, ಹಿಂದಿನ ಎರಡು ಗಾಲಿಗಳನ್ನೂ ಎತ್ತಿ ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಬೇಕು. ಗೇರು ನ್ಯೂಟ್ರಲಿನಲ್ಲಿರಲಿ, ಕೈಬ್ರೇಕು ಸಡಿಲವಾಗಿರಲಿ. ಒಂದು ಗಾಲಿಯನ್ನು ತಿರುಗಿಸಿದಾಗ ಇನ್ನೊಂದು ಎದುರು ದಿಕ್ಕಿಗೆ ತಿರುಗಿದರೆ ಅದು ಸಾಮಾನ್ಯವಾಗಿ ಸಾದಾ ಜಾತಿ. ಎರಡೂ ಬಿಗಿಯಾಗಿ ಒಂದೇ ದಿಕ್ಕಿಗೆ ತಿರುಗಿದರೆ ‘ಲಿಮಿಟೆಡ್ ಸ್ಲಿಪ್’ ಅಥವಾ ಗಾಲಿಗಳನ್ನು ಬಂಧಿಸುವ ಜಾತಿ. ಆದರೆ ಒಳಗಿನ ಕ್ಲಚ್ ಬಿಲ್ಲೆಗಳು ಸವೆದಿದ್ದರೆ ಲಿಮಿಟೆಡ್ ಸ್ಲಿಪ್ಪೂ ಸಾದಾ ಆಕ್ಸಲಿನಂತೆಯೇ ವರ್ತಿಸುವುದೆಂಬುದನ್ನು ಮರೆಯಲಾಗದು.

ಗೇರಿನ ಪ್ರಮಾಣವನ್ನೂ ಹೀಗೆಯೇ ಕಂಡುಹಿಡಿಯಬಹುದು. ಸಾದಾ ಜಾತಿಯಲ್ಲಿ ಒಂದು ಗಾಲಿಯನ್ನು ಹಿಡಿದಿಟ್ಟು ಇನ್ನೊಂದನ್ನು ಎರಡು ಸುತ್ತು ತಿರುಗಿಸಿದರೆ, ಕ್ರೌನ್ ಚಕ್ರವು ಅವುಗಳ ಸರಾಸರಿಯಾದ ಒಂದು ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಮೂರೂಮುಕ್ಕಾಲು ಸುತ್ತಿಗೆ ತುಸು ಕಡಮೆ ತಿರುಗಿದರೆ ಪ್ರಮಾಣ 3.73 ಆಗಿರಬಹುದು. ಮುಚ್ಚಳ ತೆಗೆದು ಎಣಿಸಿದಾಗ ಕ್ರೌನಿನಲ್ಲಿ 41, ಪಿನಿಯನಿನಲ್ಲಿ 11 ಹಲ್ಲುಗಳು ಸಿಕ್ಕರೆ ಸಂಶಯವೇ ಉಳಿಯದು.

ಇಷ್ಟು ಶ್ರಮವೇಕೆಂದು ಕೇಳುವವರುಂಟು. ನಾಲ್ಕೂ ಗಾಲಿಗಳಿಂದ ನಡೆಯುವ ಟ್ರಕ್ಕಿಗೆ ಪ್ರಮಾಣ ಹೊಂದದ ಹಿಂದಿನ ಆಕ್ಸಲನ್ನು ಜೋಡಿಸಿದರೆ, ಗಟ್ಟಿ ರಸ್ತೆಯಲ್ಲಿ ಮುಂದಿನ ಹಿಂದಿನ ಗೇರುಗಳು ಒಂದರೊಡನೊಂದು ಸೆಣಸಿ ಮುರಿದಾವು. ಲಿಮಿಟೆಡ್ ಸ್ಲಿಪ್ಪನ್ನು ಸಾದಾ ಎಂದು ನಂಬಿ, ಒಂದೇ ಗಾಲಿಯನ್ನೆತ್ತಿ, ಎಂಜಿನ್ ಓಡಿಸಿ ಗೇರು ಹಾಕಿದರೆ ನೆಲದ ಮೇಲಿನ ಗಾಲಿಯು ವಾಹನವನ್ನು ಜಾಕಿನಿಂದ ಕೆಡವೀತು. ಕೆಳಗಿದ್ದವನ ಪ್ರಾಣಕ್ಕೇ ಸಂಚಕಾರ.

ಚೀಟಿಯನ್ನು ಓದಲೇಬಾರದೆಂದು ನಾವು ಹೇಳುವುದಿಲ್ಲ. ಅದನ್ನು ಊಹೆಯೆಂದೆಣಿಸಿ ಪರೀಕ್ಷೆಗೆ ಒಡ್ಡಬೇಕೆಂಬುದಷ್ಟೇ ನಮ್ಮ ವಾದ. ಬಣ್ಣವೊಂದನ್ನೇ ನೋಡಿ ಲವಣದ ಹೆಸರು ಹೇಳಬಾರದೆಂದು ಪ್ರಯೋಗಶಾಲೆಯಲ್ಲಿ ಕಲಿತ ವಿದ್ಯಾರ್ಥಿಗೆ ಇದು ಹೊಸ ಪಾಠವೇನೂ ಅಲ್ಲ.