ಮಾತ್ರೆ ನುಂಗೋದು ತಪ್ಪಾ?

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹಳೇ ಸ್ನೇಹಿತೆ ಸಿಕ್ಕಿದ್ಲು. ಗಂಡನಿಂದ ಬೇರೆಯಾಗಿದ್ದಾಳೆ, ಆರು ವರ್ಷದ ಮಗಳ ಕಸ್ಟಡಿಗೆ ಕೇಸು ನಡೀತಿದೆ. ಕಾಫಿ ಕುಡೀತಾ ಮೆಲ್ಲಗೆ ಹೇಳಿದ್ಲು: "ಮಾತ್ರೆ ನಿಲ್ಲಿಸ್ಬಿಟ್ಟೆ ಕಣೇ. ಡಾಕ್ಟರ್ ಚೀಟಿ ಫೋಟೋ ಅವನ ವಕೀಲರ ಫೈಲಲ್ಲಿದೆ. ಇನ್ನೊಂದು ಸಿಗಬಾರದು."

ಅವಳಿಗೆ ಬೈಪೋಲಾರ್ ಕಾಯಿಲೆ. ಮಾತ್ರೆ ತಗೊಂಡು ಐದು ವರ್ಷದಿಂದ ನೆಟ್ಟಗಿದ್ದಳು. ಹೀಗೆ ಏಕಾಏಕಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಮಗಳು ಕೈತಪ್ಪಬಾರದು ಅಂತ, ಮಗಳನ್ನು ಸಾಕೋ ಶಕ್ತಿಯನ್ನೇ ಪಣಕ್ಕಿಟ್ಟಿದ್ದಾಳೆ.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದಿದ್ದು ಈ ಲೆಕ್ಕಾಚಾರದ ಮೇಲೆ. ಡಾಕ್ಟರ ಹತ್ರ ಹೋದವರಿಗೆ ಫೈಲು ಇರುತ್ತೆ, ಹಾಗಾಗಿ ಅವರು 'ಮೆಂಟಲ್'. ಮನೇಲಿ ತಟ್ಟೆ ಎಸೆದು, ಕುಡಿದು ಕೂಗಾಡಿ, ಒಂದು ದಿನವೂ ಡಾಕ್ಟರ ಮುಖ ನೋಡದವರಿಗೆ ಫೈಲೇ ಇಲ್ಲ, ಹಾಗಾಗಿ ಅವರು 'ನಾರ್ಮಲ್'. ಇದ್ಯಾವ ನ್ಯಾಯ ಸ್ವಾಮಿ?

ಇಡೀ ದೇಶದ ಜನ ಚಿಕಿತ್ಸೆಗೆ ಹುಡುಕಿಕೊಂಡು ಬರುವ ನಿಮ್ಹಾನ್ಸ್ ನಮ್ಮ ಪಕ್ಕದಲ್ಲೇ ಹೊಸೂರು ರಸ್ತೆಯಲ್ಲಿದೆ. ನಾವು ಮಾತ್ರ ಅದನ್ನ ಬೈಗುಳ ಮಾಡ್ಕೊಂಡಿದ್ದೀವಿ: "ನಿನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು!" ಅದೇ ಆಸ್ಪತ್ರೆಯಲ್ಲಿ 2009ರಿಂದ ತಾಯಿ-ಮಗುವಿನ ವಾರ್ಡಿದೆ. ಕಾಯಿಲೆಯಾದ ಬಾಣಂತಿಯನ್ನು ಕೂಸಿನ ಜೊತೆಗೇ ದಾಖಲು ಮಾಡ್ಕೋತಾರೆ. ಅಲ್ಲಿಂದ ಆಟೋದಲ್ಲಿ ಸ್ವಲ್ಪ ದೂರ ಹೋದರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ, ಅಲ್ಲಿ ಕೌಟುಂಬಿಕ ನ್ಯಾಯಾಲಯ. ಇಲ್ಲಿ ಜೊತೆಗಿಟ್ಟು ಗುಣಪಡಿಸೋ ಕಾಯಿಲೆಯನ್ನ ಅಲ್ಲಿ ಅಗಲಿಸೋಕೆ ಆಯುಧ ಮಾಡ್ತಾರೆ.

ಕಾನೂನು ಹೀಗೆ ಮಾಡಿ ಅಂತ ಹೇಳಿಯೇ ಇಲ್ಲ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಗೆ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಕಾಯಿಲೆ ಇದೆ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಬುದ್ಧಿ ಸ್ವಾಧೀನದಲ್ಲಿಲ್ಲದವರು ಅಂತ ತೀರ್ಮಾನಿಸೋ ಹಾಗಿಲ್ಲ. ಕೋರ್ಟಿನಲ್ಲಿ ಒಬ್ಬರು ಕಾಯಿಲೆಯ ಪುರಾವೆ ಮುಂದಿಟ್ಟು ಇನ್ನೊಬ್ಬರು ಅದನ್ನ ಅಲ್ಲಗಳೆದರೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಕಳಿಸಬೇಕು. 1988ರಲ್ಲೇ, ನಮ್ಮ ಬೆಂಗಳೂರಿನ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಇದ್ದ ಸುಪ್ರೀಂ ಕೋರ್ಟ್ ಪೀಠ ಒಂದು ವಿಚ್ಛೇದನದ ಕೇಸಿನಲ್ಲಿ ಹೇಳಿತ್ತು: ಸ್ಕಿಜೋಫ್ರೇನಿಯಾ ಅನ್ನೋ ಹೆಸರು ಸಾಲದು, ಅದರ ತೀವ್ರತೆ ಎಷ್ಟು ಅಂತ ನೋಡಬೇಕು. ಮದುವೆ ಮುರಿಯೋಕೇ ಹೆಸರು ಸಾಲದು ಅಂದ್ಮೇಲೆ, ಮಗು ಕಿತ್ಕೊಳ್ಳೋಕೆ ಸಾಕಾಗುತ್ತಾ?

ಹಾಗಂತ ಮಗುವಿಗೆ ತೊಂದರೆಯೇ ಆಗಲ್ಲ ಅಂತ ನಾನು ಹೇಳಲಾರೆ. ನನ್ನಮ್ಮನಿಗೂ ಇದೇ ಕಾಯಿಲೆ ಇತ್ತು. ನಾನು ಒಂಬತ್ತು ವರ್ಷದವಳಿದ್ದಾಗ ಅಮ್ಮ ಮೂರು ರಾತ್ರಿ ನಿದ್ದೆ ಮಾಡದೆ ಪಾತ್ರೆಯೆಲ್ಲ ಅಂಗಳಕ್ಕೆ ತಂದು ಹಾಕಿದ್ರು. ನನಗೆ ಭಯ ಆಗಿತ್ತು. ಅಜ್ಜಿ ಬಂದು ನನ್ನ ಬನಶಂಕರಿಗೆ ಕರ್ಕೊಂಡು ಹೋದ್ರು. ಎರಡು ವಾರ ಬಿಟ್ಟು, ಅಮ್ಮ ಹುಷಾರಾದ ಮೇಲೆ ವಾಪಸ್ ತಂದುಬಿಟ್ರು. ಆ ವಾಪಸ್ ತಂದುಬಿಟ್ಟಿದ್ದು ನನ್ನ ಬದುಕಿನ ದೊಡ್ಡ ಉಪಕಾರ. ಆಮೇಲೆ ಸ್ಕೂಲಿಗೆ ಜಡೆ ಹಾಕಿ ಕಳಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ಅದೇ ಅಮ್ಮ.

ನ್ಯಾಯಾಧೀಶರು ಕೇಳಬೇಕಾದ್ದು ಅಜ್ಜಿಗೆ ಗೊತ್ತಿದ್ದ ಪ್ರಶ್ನೆಗಳನ್ನೇ. ಬೆಳಿಗ್ಗೆ ಮಗುವನ್ನ ಎಬ್ಬಿಸೋರು ಯಾರು? ಕಾಯಿಲೆ ಜಾಸ್ತಿ ಆಗೋದು ಇವರಿಗೆ ಮೊದಲೇ ಗೊತ್ತಾಗುತ್ತಾ? ಆಗ ಯಾರಿಗೆ ಫೋನ್ ಮಾಡ್ತಾರೆ? ಮಗು ಯಾರ ಹತ್ರ ಸಮಾಧಾನವಾಗಿರುತ್ತೆ? ಇವನ್ನ ಅಪ್ಪನಿಗೂ ಕೇಳಬೇಕು, ಅಮ್ಮನಿಗೂ ಕೇಳಬೇಕು. ಉತ್ತರ ಸರಿಯಿಲ್ಲದಿದ್ದರೆ ಮಗುವನ್ನ ಬೇರೆಡೆ ಇಡಲಿ, ನನ್ನ ತಕರಾರಿಲ್ಲ.

ಸ್ನೇಹಿತೆಗೆ ಹೇಳಿದೆ: ಇವತ್ತೇ ಡಾಕ್ಟರ ಹತ್ರ ಹೋಗು. ಮಾತ್ರೆ ಶುರು ಮಾಡು. ಐದು ವರ್ಷದ ಚೀಟಿಗಳನ್ನ ನೀನೇ ನಿನ್ನ ವಕೀಲರ ಕೈಗೆ ಕೊಡು. ಮಗಳಿಗೋಸ್ಕರ ತಪ್ಪದೆ ಚಿಕಿತ್ಸೆ ತಗೊಂಡಿದ್ದೀಯ ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಸಾಕ್ಷಿ ಇನ್ನೇನಿದೆ?