ಹುಡುಗಾಟಿಕೆಯ ಹೆಸರಿನ ಹಿಂಸೆ

ಮೈಬಣ್ಣ, ತೊದಲು, ಬಡತನ, ಜಾತಿ ಇವುಗಳನ್ನೇ ನೆಪಮಾಡಿ ಒಂದು ಮಗುವಿಗೆ ಅಡ್ಡಹೆಸರಿಟ್ಟು ಸಹಪಾಠಿಗಳು ದಿನವೂ ಹಂಗಿಸುತ್ತಿದ್ದರೆ, ಹಿರಿಯರು ಅದನ್ನು ಹುಡುಗಾಟಿಕೆಯೆಂದು ನಕ್ಕು ಸುಮ್ಮನಾಗುವುದುಂಟು. ಆ ನಗುವೇ ಪೀಡನೆಗೆ ದೊರೆಯುವ ಮೊದಲ ಸಮ್ಮತಿ.

ಸಮಬಲದ ಇಬ್ಬರು ಮಕ್ಕಳು ಕಾದಾಡಿ ಸಂಜೆಗೆ ಒಂದಾದರೆ ಅದು ಜಗಳ. ಪೀಡನೆಯ ಬಗೆ ಬೇರೆ. ಇದರ ವ್ಯವಸ್ಥಿತ ಅಧ್ಯಯನವನ್ನು 1970ರ ದಶಕದಲ್ಲಿ ಆರಂಭಿಸಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಅವರು ಮೂರು ಲಕ್ಷಣಗಳನ್ನು ಗುರುತಿಸಿದರು: ನೋಯಿಸುವ ಉದ್ದೇಶ, ಪುನರಾವರ್ತನೆ, ಬಲದ ಅಸಮಾನತೆ. ನಾರ್ವೆಯಲ್ಲಿ 1982ರಲ್ಲಿ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡ ಬಳಿಕವೇ ಆ ದೇಶ ಎಚ್ಚೆತ್ತು, ಮರುವರ್ಷ ರಾಷ್ಟ್ರವ್ಯಾಪಿ ಅಭಿಯಾನ ಕೈಗೊಂಡಿತು. ಜಗತ್ತಿನ ಸುಮಾರು ಮೂರನೆಯ ಒಂದು ಭಾಗದಷ್ಟು ವಿದ್ಯಾರ್ಥಿಗಳು ಹಿಂದಿನ ಒಂದು ತಿಂಗಳಲ್ಲಿ ಪೀಡನೆಗೆ ಒಳಗಾಗಿದ್ದರೆಂದು ಯುನೆಸ್ಕೊ 2019ರಲ್ಲಿ ವರದಿ ಮಾಡಿತು.

ಮಗು ಇದನ್ನು ಕಲಿಯುವುದೆಲ್ಲಿ? ಮನೆಯಲ್ಲಿ ಹೊಡೆತ ತಿಂದ ಮಗು ತನಗಿಂತ ದುರ್ಬಲರ ಮೇಲೆ ಕೈಮಾಡಬಹುದು. ಊಟದ ಹೊತ್ತಿನಲ್ಲಿ ನೆರೆಯವರನ್ನು ಹೀನಾಯವಾಗಿ ಆಡಿಕೊಳ್ಳುವ ಹಿರಿಯರ ನುಡಿಯೂ ಮಗುವಿಗೆ ಪಾಠವೇ. ಗುಂಪಿನಲ್ಲಿ ಮೇಲೆನಿಸಿಕೊಳ್ಳುವ ಹಂಬಲವೂ ಇದಕ್ಕೆ ಸೇರುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೂ ಶಿಕ್ಷಕರೇ ಒಂದು ಮಗುವನ್ನು ತರಗತಿಯೆದುರು ಅವಮಾನಿಸಿದರೆ, ಉಳಿದ ಮಕ್ಕಳು ಅದನ್ನೇ ಅನುಕರಿಸುತ್ತಾರೆ.

ಇಂಥವನ್ನು ಸಹಿಸಿದರೆ ಮಗು ಗಟ್ಟಿಯಾಗುತ್ತದೆಂಬ ವಾದವೊಂದಿದೆ. ಅನುಭವ ಹೇಳುವುದು ಬೇರೆ. ಬೆಳಗಾದರೆ ಹೊಟ್ಟೆನೋವು, ಶಾಲೆಯ ಭಯ, ಓದಿನಲ್ಲಿ ಹಿನ್ನಡೆ, ಖಿನ್ನತೆ ಇವು ಪೀಡಿತ ಮಗುವಿನ ಪಾಡು. ಆ ಗಾಯ ಪ್ರಾಯಕ್ಕೆ ಬಂದ ಮೇಲೂ ಉಳಿಯಬಲ್ಲದು. ಪೀಡಿಸುವ ಮಗುವನ್ನು ತಡೆಯದಿದ್ದರೆ, ಬಲವೇ ನ್ಯಾಯವೆಂಬುದು ಅದರ ಸ್ವಭಾವವಾಗಬಹುದು. ನೋಡುತ್ತ ನಿಂತವರ ಅಂತಃಕರಣವೂ ಮೆಲ್ಲನೆ ಮರಗಟ್ಟುತ್ತದೆ.

ಪರಿಹಾರದ ಕೀಲಿ ಈ ನೋಡುಗರಲ್ಲೇ ಇದೆ. ಫಿನ್ಲೆಂಡಿನ 'ಕಿವಾ' ಕಾರ್ಯಕ್ರಮ ಒತ್ತು ಕೊಡುವುದು ಅವರಿಗೇ. ಗುಂಪು ನಗುವುದನ್ನು ನಿಲ್ಲಿಸಿ, ಒಬ್ಬ ಗೆಳೆಯ ಪಕ್ಕದಲ್ಲಿ ಕುಳಿತರೆ ಪೀಡಕನ ಬಲ ಕುಗ್ಗುತ್ತದೆ. ಶಾಲೆಯಲ್ಲಿ ಮಾತ್ರವಲ್ಲ, ಹಿರಿಯ ಕಿರಿಯ ವಿದ್ಯಾರ್ಥಿಗಳು ಹಗಲಿರುಳು ಒಟ್ಟಿಗಿರುವ ಉಚಿತ ಪ್ರಸಾದ ನಿಲಯಗಳಲ್ಲಿಯೂ ಇದು ಅಭ್ಯಾಸವಾಗಬೇಕು.

ತಂದೆತಾಯಿಗಳು ಅಂಕವೆಷ್ಟು ಎಂದು ಕೇಳುವ ಮೊದಲು, ಇಂದು ಯಾರ ಜೊತೆ ಕುಳಿತು ಉಂಡೆ ಎಂದು ಕೇಳಲಿ. ಯಾರೂ ಇರಲಿಲ್ಲವೆಂಬ ಉತ್ತರ ದಿನವೂ ಬಂದರೆ ತಡಮಾಡದೆ ಶಿಕ್ಷಕರನ್ನು ಕಾಣಲಿ. ಸಂಕಟದಲ್ಲಿರುವ ಮಕ್ಕಳಿಗೆ 1098 ಸಹಾಯವಾಣಿಯೂ ಇದೆ. ಮಗುವಿನ ನಡೆಯನ್ನು ತಿದ್ದಹೊರಟ ಹಿರಿಯರು ಮೊದಲು ತಮ್ಮ ನುಡಿಯನ್ನು ತಿದ್ದಿಕೊಳ್ಳುವುದು ಲೇಸು.