ಪರದೇಶದ ಬಾಡಿಗೆ ಕಾರಿಗೆ ನಿಮ್ಮ ಹೆಸರೂ ಇರಲಿ

ಪರದೇಶಕ್ಕೆ ಹೊರಡುವುದೆಂದರೆ ಬ್ಯಾಗು ಕಟ್ಟುವ ಕೆಲಸ ನಮ್ಮದು. ಮಗಳಿಗೆ ಶೇಂಗಾ ಚಟ್ನಿ, ಅಳಿಯನಿಗೆ ಕರದಂಟು, ಮೊಮ್ಮಗನಿಗೆ ಸ್ವೆಟರು... ಎಲ್ಲವನ್ನೂ ತೂಕ ನೋಡಿ ತುಂಬುವವರು ನಾವೇ. ಆದರೆ ‘ಅಲ್ಲಿ ಕಾರು ಬಾಡಿಗೆಗೆ ತಗೊಂಡು ಅಡ್ಡಾಡೋಣ’ ಎಂಬ ಮಾತು ಬಂದ ಕೂಡಲೇ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗುತ್ತೇವೆ. ಅದೇನಿದ್ದರೂ ಯಜಮಾನರ ಕೆಲಸ, ಇಲ್ಲವೇ ಮಗನ ಕೆಲಸ ಅಂತ!

ಗೆಳತಿಯರೇ, ಈ ಸಲ ಸ್ವಲ್ಪ ಅಲ್ಲೇ ಕೂಡ್ರಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ ಬಾಡಿಗೆ ಕಾರು ಅಂದರೆ ಡ್ರೈವರ್ ಜೊತೆಗೇ ಬರುತ್ತಾನೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಹಾಗಲ್ಲ. ಕೀಲಿಕೈ ಕೊಟ್ಟು ಕಳಿಸುತ್ತಾರೆ, ಡ್ರೈವರ್ ನಾವೇ. ಕರಾರು ಪತ್ರದಲ್ಲಿ ಯಜಮಾನರ ಹೆಸರೊಂದೇ ಇದ್ದು, ಮೂರನೇ ದಿನ ಅವರಿಗೆ ಜ್ವರ ಬಂದರೆ? ಪರ ಊರಲ್ಲಿ ಕಾರು ನಿಂತಲ್ಲೇ ನಿಲ್ಲಬೇಕು. ಹೆಸರಿಲ್ಲದ ನೀವು ಸ್ಟೀರಿಂಗ್ ಹಿಡಿದು ಅಪಘಾತವಾದರೆ ವಿಮೆ ಸಿಗುವುದಿಲ್ಲ, ನಷ್ಟವೆಲ್ಲ ನಿಮ್ಮ ತಲೆಯ ಮೇಲೆ. ಅದಕ್ಕೇ ಎರಡನೇ ಚಾಲಕಿಯಾಗಿ ನಿಮ್ಮ ಹೆಸರೂ ಇರಲಿ. ಅದರ ತಯಾರಿ ಇಲ್ಲಿಂದಲೇ ಶುರುವಾಗಬೇಕು.

ಮೊದಲು ಕಾಗದ ಪತ್ರ

ಸ್ಕೂಟಿ ಲೈಸೆನ್ಸು ಇದಕ್ಕೆ ನಡೆಯುವುದಿಲ್ಲ, ಕಾರಿನದೇ ಬೇಕು. ಇಲ್ಲದವರು ಎಲ್ಎಲ್‌ಆರ್ ಮಾಡಿಸಿ, 30 ದಿನ ಕಳೆದ ಮೇಲೆ ಪರೀಕ್ಷೆ ಕೊಡಬೇಕು. ಅನೇಕ ಬಾಡಿಗೆ ಕಂಪನಿಗಳು ‘ಲೈಸೆನ್ಸು ಕನಿಷ್ಠ ಒಂದು ವರ್ಷ ಹಳೆಯದಿರಬೇಕು’ ಅನ್ನುತ್ತವೆ. ಆದ್ದರಿಂದ ಮುಂದಿನ ವರ್ಷ ಹೋಗುವವರು ಈಗಲೇ ಎದ್ದೇಳಿ.

ಲೈಸೆನ್ಸು ಇದ್ದವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಜನ ಇದನ್ನು ಐಡಿಪಿ ಅನ್ನುತ್ತಾರೆ. ನಿಮ್ಮ ವಾಸದ ಊರು ಯಾವ ಆರ್‌ಟಿಒ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಸಿಗುತ್ತದೆ. ಕೆಎ-48 ನಂಬರಿನ ಕಚೇರಿ ಜಮಖಂಡಿಯಲ್ಲೇ ಇದೆ. ನಮೂನೆ 4ಎ ಅರ್ಜಿ, ಶುಲ್ಕ 1000 ರೂಪಾಯಿ. ಲೈಸೆನ್ಸು, ಪಾಸ್‌ಪೋರ್ಟು, ಫೋಟೋ ಇಟ್ಟುಕೊಳ್ಳಿ, ಕೇಳಿದರೆ ತೋರಿಸಲು ವೀಸಾ, ಟಿಕೆಟ್ಟಿನ ಪ್ರತಿಯೂ ಇರಲಿ. ಇದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಲೈಸೆನ್ಸು ಅದಕ್ಕೂ ಮೊದಲೇ ಮುಗಿಯುವುದಿದ್ದರೆ ಇದೂ ಅಲ್ಲಿಗೇ ಮುಗಿಯಿತು. ಇನ್ನೊಂದು ಮಾತು, ಐಡಿಪಿ ಒಂದನ್ನೇ ಒಯ್ದರೆ ಉಪಯೋಗವಿಲ್ಲ. ಮೂಲ ಲೈಸೆನ್ಸು ಜೊತೆಗಿರಲೇಬೇಕು.

ಇಂಗ್ಲೆಂಡಿನಲ್ಲಿ ನಮ್ಮ ಲೈಸೆನ್ಸಿನ ಮೇಲೇ 12 ತಿಂಗಳು ಕಾರು ಓಡಿಸಬಹುದು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಚೀನಾ ಐಡಿಪಿಯನ್ನು ಒಪ್ಪುವುದೇ ಇಲ್ಲ. ಹೋಗುವ ದೇಶದ ನಿಯಮವನ್ನೂ ಬಾಡಿಗೆ ಕಂಪನಿಯ ನಿಯಮವನ್ನೂ ಎರಡನ್ನೂ ಕೇಳಿಕೊಳ್ಳಿ. ‘ಮನೆಯಲ್ಲೇ ಕುಳಿತು ಇಂಟರ್‌ನ್ಯಾಷನಲ್ ಲೈಸೆನ್ಸು ಪಡೆಯಿರಿ’ ಎಂದು ದುಡ್ಡು ಕೇಳುವ ಖಾಸಗಿಯವರನ್ನು ಮಾತ್ರ ನಂಬಬೇಡಿ.

ನಮ್ಮ ಹೆಣ್ಣುಮಕ್ಕಳದು ಇನ್ನೊಂದು ತೊಡಕು. ಲೈಸೆನ್ಸಿನಲ್ಲಿ ತವರಿನ ಅಡ್ಡಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯದು! ಎರಡೂ ಒಂದೇ ರೀತಿ ಇದೆಯೇ ನೋಡ್ರಿ. ಇಲ್ಲದಿದ್ದರೆ ಈಗಲೇ ತಿದ್ದಿಸಿ.

ಕರಾರು ಓದದೆ ಸಹಿ ಬೇಡ

ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡನ್ನೇ ಕೇಳುತ್ತವೆ. ಠೇವಣಿ ಎಂದು ಒಂದಿಷ್ಟು ಮೊತ್ತವನ್ನು ಅದರಲ್ಲಿ ತಡೆಹಿಡಿಯುತ್ತವೆ. ಕೌಂಟರಿನಲ್ಲಿ ನೀವೂ ಖುದ್ದಾಗಿ ನಿಂತು ಲೈಸೆನ್ಸು ತೋರಿಸಿದರೇನೇ ಎರಡನೇ ಹೆಸರು ಸೇರುವುದು. ಕೆಲವು ಕಡೆ ಇದಕ್ಕೆ ದಿನದ ಲೆಕ್ಕದಲ್ಲಿ ಹಣ, ಕೆಲವು ಕಡೆ ಗಂಡ-ಹೆಂಡತಿಗೆ ಪುಕ್ಕಟೆ. 25 ವರ್ಷದೊಳಗಿನ ಮಗ ಓಡಿಸುವುದಾದರೆ ಹೆಚ್ಚಿನ ಹಣ ಕೊಡಬೇಕಾಗುತ್ತದೆ. ವಯಸ್ಸಾದವರಿಗೂ ಕೆಲವು ಕಂಪನಿಗಳು ಮಿತಿ ಹಾಕಿವೆ.

ವಿಮೆಯ ಬಗ್ಗೆ ಮೂರು ಪ್ರಶ್ನೆ ಕೇಳಿ. ಆ ಕಾರಿಗೆ ಪೆಟ್ಟಾದರೆ ಯಾರು ಕೊಡುತ್ತಾರೆ? ಎದುರಿನವರಿಗೆ ಪೆಟ್ಟಾದರೆ? ನಮ್ಮ ಕಿಸೆಯಿಂದ ಎಷ್ಟು ಹೋಗುತ್ತದೆ? ಟೈರು, ಗಾಜು ಎಷ್ಟೋ ಸಲ ವಿಮೆಯಿಂದ ಹೊರಗೇ ಇರುತ್ತವೆ. ಕಾರು ಕೈಗೆ ಬಂದಾಗ ಸುತ್ತಲೂ ವಿಡಿಯೊ ಮಾಡಿಕೊಳ್ಳಿ. ಹಳೆಯ ಗೀರಿಗೆ ನಾವ್ಯಾಕೆ ದಂಡ ಕಟ್ಟಬೇಕು, ಅಲ್ಲೇನ್ರಿ? ಪೆಟ್ರೋಲೋ ಡೀಸೆಲ್ಲೋ ಅದನ್ನೂ ಕೇಳಿಕೊಳ್ಳಿ, ಅಲ್ಲಿನ ಬಹುತೇಕ ಬಂಕುಗಳಲ್ಲಿ ತುಂಬಿಸಿಕೊಳ್ಳುವವರೂ ನೀವೇ!

ರಸ್ತೆಯ ರೂಢಿ ಬೇರೆ

ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನುಗಳಲ್ಲಿ ನಮ್ಮಂತೆಯೇ ಎಡಗಡೆ ಸಂಚಾರ. ಅಮೆರಿಕ, ಕೆನಡಾ, ಜರ್ಮನಿ, ದುಬೈಗಳಲ್ಲಿ ಬಲಗಡೆ, ಸ್ಟೀರಿಂಗ್ ಎಡಕ್ಕೆ. ನೇರ ರಸ್ತೆಯಲ್ಲಿ ತೊಂದರೆಯಿಲ್ಲ, ತಿರುವು ತಗೊಳ್ಳುವಾಗಲೇ ಮನಸ್ಸು ಹಳೇ ಚಾಳಿಗೆ ಎಳೆಯುತ್ತದೆ. ಪಕ್ಕ ಕುಳಿತವರು ಪ್ರತಿ ತಿರುವಿಗೂ ‘ಬಲಕ್ಕೆ ಇರ್ರಿ’ ಅಂತ ನೆನಪಿಸಲಿ.

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ-ಮುಧೋಳ ರಸ್ತೆಯಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರನ್ನು ಹಾರ್ನ್ ಹೊಡೆಯದೆ ದಾಟುವವರುಂಟೇ? ಅಲ್ಲಿ ಹಾರ್ನ್ ಹೊಡೆದರೆ ಬೈದಂತೆ. ಅಮೆರಿಕದಲ್ಲಿ ‘ಸ್ಟಾಪ್’ ಫಲಕ ಕಂಡರೆ ರಸ್ತೆ ಖಾಲಿ ಇದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ಶಾಲಾ ಬಸ್ಸು ಕೆಂಪು ದೀಪ ಮಿಣುಕಿಸುತ್ತ ನಿಂತರೆ ನೀವೂ ನಿಲ್ಲಬೇಕು. ಪೊಲೀಸರು ತಡೆದರೆ ಇಳಿದು ಓಡಿಹೋಗಬೇಡಿ, ಕೈ ಸ್ಟೀರಿಂಗ್ ಮೇಲಿಟ್ಟು ಒಳಗೇ ಕುಳಿತಿರಿ. ಆ ಎರಡೂ ದೇಶಗಳಲ್ಲಿ ವೇಗ ಮೈಲಿಯಲ್ಲಿ, 70 ಮೈಲಿ ಅಂದರೆ ಸುಮಾರು 112 ಕಿಲೋಮೀಟರ್. ಇಂಗ್ಲೆಂಡಿನಲ್ಲಿ ಓಡಿಸುತ್ತ ಮೊಬೈಲು ಕೈಗೆತ್ತಿಕೊಂಡರೆ 200 ಪೌಂಡ್ ದಂಡ. ಅಲ್ಲಿ ಮಗುವಿಗೆ 12 ವರ್ಷ ಇಲ್ಲವೇ 135 ಸೆಂಟಿಮೀಟರ್ ಎತ್ತರ ಆಗುವವರೆಗೆ ಮಕ್ಕಳ ಸೀಟು ಕಡ್ಡಾಯ. ಮೊಮ್ಮಗನನ್ನು ತೊಡೆ ಮೇಲೆ ಕೂಡಿಸಿಕೊಳ್ಳುವ ಆಸೆ ಬಿಟ್ಟುಬಿಡಿ!

ಕೈ ಪಳಗಲಿ

ಲೈಸೆನ್ಸು ಕಪಾಟಿನಲ್ಲಿಟ್ಟು ಹತ್ತು ವರ್ಷ ಕಾರು ಮುಟ್ಟದವರು ಅಲ್ಲಿ ಹೋಗಿ ಧೈರ್ಯ ತೋರಿಸುವುದು ಬೇಡ. ಹೊರಡುವ ಎರಡು ತಿಂಗಳು ಮೊದಲು ಬೆಳಗಿನ ಹೊತ್ತು ದಿನಾ ಅರ್ಧ ಗಂಟೆ ಓಡಿಸಿ. ಬನಹಟ್ಟಿಯ ಪೇಟೆಯಲ್ಲಿ ಒಂದು ದಿನ, ಬೀಳಗಿ ಕಡೆಯ ದೂರದ ರಸ್ತೆಯಲ್ಲಿ ಇನ್ನೊಂದು ದಿನ. ಅಮೆರಿಕದ ಬಾಡಿಗೆ ಕಾರುಗಳು ಬಹುತೇಕ ಆಟೊಮ್ಯಾಟಿಕ್, ಸಾಧ್ಯವಾದರೆ ಅಂಥದ್ದನ್ನೂ ಇಲ್ಲೇ ಒಮ್ಮೆ ಓಡಿಸಿ ನೋಡಿ. ವಿಮಾನ ಇಳಿದ ದಿನ ಮಾತ್ರ ಸ್ಟೀರಿಂಗ್ ಮುಟ್ಟಬೇಡಿ, ನಿದ್ದೆಗೆಟ್ಟ ಕಣ್ಣಿಗೆ ಯಾವ ಪರವಾನಗಿಯೂ ಸಹಾಯ ಮಾಡದು.

‘ನಿನಗ್ಯಾಕ ಬೇಕು ಇದೆಲ್ಲ?’ ಅಂತ ಮನೆಯಲ್ಲಿ ಯಾರಾದರೂ ಕೇಳಬಹುದು. ನಗುತ್ತಲೇ ಹೇಳಿ: ನಿಮಗ ಆರಾಮ ಇಲ್ಲದ ದಿನ ಬೇಕಾಗತದ ಅಂತ. ಚಟ್ನಿ ಪುಡಿಯ ಡಬ್ಬಿಯನ್ನು ಆಮೇಲೆ ತುಂಬಿದರಾಯಿತು, ಮೊದಲು ಲೈಸೆನ್ಸು ಹುಡುಕಿ ಅದರ ತಾರೀಖು ನೋಡ್ರಿ.